ಬ್ರೋಕ್‌ಬ್ಯಾಕ್ ಬೆಟ್ಟದ ಪ್ರೇಮವನ್ನು ಕೊಂದದ್ದು ವಿಧಿಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಆಂಗ್ ಲೀ ನಿರ್ದೇಶನದ ‘ಬ್ರೋಕ್‌ಬ್ಯಾಕ್ ಮೌಂಟನ್’ ಚಿತ್ರಕ್ಕೆ ಇಪ್ಪತ್ತು ವರ್ಷ ತುಂಬಿದ ಸಂದರ್ಭದಲ್ಲಿ ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಗಮನವಿಟ್ಟು ಓದಿದೆ. ಕನ್ನಡದ ದಿನಪತ್ರಿಕೆಯೊಂದು ಇಬ್ಬರು ಗಂಡಸರ ಪ್ರೇಮದ ಕಥೆಗೆ ಇಷ್ಟು ಜಾಗ ಕೊಟ್ಟಿದ್ದು, ಅದನ್ನು ಕೀಳು ಕುತೂಹಲವಿಲ್ಲದೆ ಗೌರವದಿಂದ ಬರೆಸಿದ್ದು ಸಂತೋಷದ ವಿಷಯ. ಲೇಖಕರಿಗೆ ಸಿನಿಮಾದ ಮೇಲಿರುವ ಪ್ರೀತಿಯ ಬಗ್ಗೆಯೂ ನನಗೆ ಅನುಮಾನವಿಲ್ಲ. ಆದರೆ ಅವರು ಚಿತ್ರದ ಸಂಕೇತಗಳನ್ನು ಬಿಡಿಸಿರುವ ಬಗೆಯನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಬೆಟ್ಟವೆಂದರೆ ಸ್ವರ್ಗ, ಹೊಳೆಯೆಂದರೆ ಕಾಲ, ಒಂದರೊಳಗೊಂದು ಸೇರಿದ ಅಂಗಿಗಳೆಂದರೆ ಎರಡು ಆತ್ಮಗಳ ಐಕ್ಯ, ಜ್ಯಾಕ್‌ನ ಸಾವೆಂದರೆ ವಿಧಿಯಾಟ ಎಂದು ಒಂದೊಂದಕ್ಕೂ ಒಂದೊಂದು ಅರ್ಥ ಹೊಂದಿಸಿದ ಮೇಲೆ, ಇದು ಲಿಂಗವನ್ನು ಮೀರಿದ ಪ್ರೇಮ, ಪಾತ್ರಗಳು ಗಂಡೋ ಹೆಣ್ಣೋ ಎಂಬುದು ಇಲ್ಲಿ ಗೌಣ ಎಂಬ ತೀರ್ಮಾನಕ್ಕೆ ಅವರು ಬರುತ್ತಾರೆ. ಮೇಲ್ನೋಟಕ್ಕೆ ಇದು ಉದಾರವಾದ ಮಾತು. ಆದರೆ ಅದನ್ನು ಒಪ್ಪಿಕೊಂಡ ಕ್ಷಣವೇ ಚಿತ್ರದ ಒಂದೊಂದು ಸಂಕೇತವೂ ತನ್ನ ಬೇರು ಕಳೆದುಕೊಳ್ಳುತ್ತದೆ. ಆ ಅಂಗಿಗಳು ಬಟ್ಟೆ ಗೂಡಿನ ಮೂಲೆಯೊಂದರಲ್ಲಿ ಇಪ್ಪತ್ತು ವರ್ಷ ಅಡಗಿ ಕೂರಬೇಕಾಗಿ ಬಂದದ್ದೇ ಅವುಗಳನ್ನು ತೊಟ್ಟವರಿಬ್ಬರೂ ಗಂಡಸರಾಗಿದ್ದರಿಂದ.

ಚಿತ್ರ ನೋಡದ ಓದುಗರಿಗಾಗಿ ಕಥೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. 1963ರ ಬೇಸಿಗೆಯಲ್ಲಿ, ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ಎನ್ನಿಸ್ ಡೆಲ್ ಮಾರ್ ಮತ್ತು ಜ್ಯಾಕ್ ಟ್ವಿಸ್ಟ್ ಎಂಬ ಇಬ್ಬರು ಬಡ ಯುವಕರು ಬ್ರೋಕ್‌ಬ್ಯಾಕ್ ಎಂಬ ಬೆಟ್ಟದ ಮೇಲೆ ಕುರಿ ಕಾಯುವ ಕೆಲಸಕ್ಕೆ ಸೇರುತ್ತಾರೆ. ಅಲ್ಲಿ ಅವರ ನಡುವೆ ಪ್ರೇಮ ಹುಟ್ಟುತ್ತದೆ. ಬೇಸಿಗೆ ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ಊರುಗಳಲ್ಲಿ ಮದುವೆಯಾಗುತ್ತಾರೆ, ಮಕ್ಕಳಾಗುತ್ತವೆ. ನಾಲ್ಕು ವರ್ಷಗಳ ಬಳಿಕ ಮತ್ತೆ ಭೇಟಿಯಾಗಿ, ಅಲ್ಲಿಂದ ಮುಂದೆ ಮೀನು ಹಿಡಿಯುವ ನೆಪದಲ್ಲಿ ವರ್ಷಕ್ಕೆ ಒಂದೆರಡು ಬಾರಿ ಕದ್ದು ಕೂಡುತ್ತಾರೆ. ಹೀಗೆಯೇ ಸುಮಾರು ಎರಡು ದಶಕ ಕಳೆದು, ಕೊನೆಗೆ ಜ್ಯಾಕ್ ತೀರಿಕೊಳ್ಳುತ್ತಾನೆ. ಆನಿ ಪ್ರೂ ಬರೆದ ಮೂಲಕಥೆ 1997ರ ಅಕ್ಟೋಬರ್‌ನಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲ್ಯಾರಿ ಮ್ಯಾಕ್‌ಮರ್ಟ್ರಿ ಮತ್ತು ಡಯಾನಾ ಒಸಾನಾ ಅದನ್ನು ಚಿತ್ರಕಥೆಯಾಗಿಸಿದರು. ಹೀತ್ ಲೆಡ್ಜರ್ ಎನ್ನಿಸ್‌ನಾಗಿ, ಜೇಕ್ ಜಿಲೆನ್ಹಾಲ್ ಜ್ಯಾಕ್‌ನಾಗಿ ನಟಿಸಿದ ಈ ಚಿತ್ರ 2005ರಲ್ಲಿ ವೆನಿಸ್ ಉತ್ಸವದ ‘ಗೋಲ್ಡನ್ ಲಯನ್’ ಪ್ರಶಸ್ತಿ ಪಡೆಯಿತು. ಮುಂದಿನ ವರ್ಷ ನಿರ್ದೇಶನ, ರೂಪಾಂತರಿತ ಚಿತ್ರಕಥೆ ಮತ್ತು ಸಂಗೀತಕ್ಕಾಗಿ ಮೂರು ಆಸ್ಕರ್‌ಗಳನ್ನು ಗಳಿಸಿತು.

ಮೊದಲು ಬೆಟ್ಟದ ವಿಚಾರ. ಅದು ಸ್ವರ್ಗವೆಂಬ ಓದು ಹುಟ್ಟುವುದು ಸಹಜವೇ. ಛಾಯಾಗ್ರಾಹಕ ರೊಡ್ರಿಗೋ ಪ್ರಿಯೆಟೊ ಮೇಲಿನ ಹುಲ್ಲುಗಾವಲನ್ನೂ ಮೋಡಗಳನ್ನೂ ವಿಶಾಲವಾಗಿ ಹಿಡಿಯುತ್ತಾರೆ, ಕೆಳಗಿನ ಬದುಕನ್ನು ಇಕ್ಕಟ್ಟಾದ ಅಡುಗೆಮನೆಗಳಲ್ಲಿ, ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ ಹಿಡಿಯುತ್ತಾರೆ. ಚಿತ್ರದ ಪೋಸ್ಟರ್ ಮೇಲೆಯೇ ಪ್ರೇಮ ಪ್ರಕೃತಿಯ ಶಕ್ತಿ ಎಂಬರ್ಥದ ಸಾಲು ಇತ್ತು. ಆದರೆ ತೆರೆಯ ಮೇಲಿನ ಬೆಟ್ಟವನ್ನು ಸ್ವಲ್ಪ ನಿಧಾನವಾಗಿ ನೋಡಿ. ಇವರಿಬ್ಬರೂ ಅಲ್ಲಿರುವುದು ಕೂಲಿಗಾಗಿ. ಒಬ್ಬ ಕೆಳಗಿನ ಬಿಡಾರದಲ್ಲಿ ಅಡುಗೆ ಮಾಡಬೇಕು, ಇನ್ನೊಬ್ಬ ರಾತ್ರಿಯೆಲ್ಲ ಬೆಂಕಿ ಹಚ್ಚದೆ, ಅರಣ್ಯ ಇಲಾಖೆಯ ಕಣ್ಣಿಗೆ ಬೀಳದಂತೆ ಮಂದೆಯ ಪಕ್ಕದಲ್ಲೇ ಮಲಗಬೇಕು ಎಂಬುದು ದಣಿ ಅಗಿರೆಯ ಆಜ್ಞೆ. ಆಜ್ಞೆಯೇ ಕಾನೂನಿಗೆ ವಿರುದ್ಧವಾದದ್ದು ಎಂಬುದನ್ನು ಗಮನಿಸಬೇಕು. ಅವರು ಮೊದಲ ಬಾರಿ ಒಂದೇ ಗುಡಾರದಲ್ಲಿ ಮಲಗುವುದೂ ಚಳಿಯಿಂದಾಗಿ. ಮರುದಿನ ಬೆಳಿಗ್ಗೆ ಎನ್ನಿಸ್ ಮಂದೆಯ ಕಡೆಗೆ ಹೋದಾಗ, ಕಾವಲಿಲ್ಲದ ಆ ರಾತ್ರಿಯಲ್ಲಿ ಕಾಡುಪ್ರಾಣಿ ಹೊಟ್ಟೆ ಬಗೆದು ಬಿಟ್ಟುಹೋದ ಕುರಿಯೊಂದು ಅವನ ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾ ಆ ಕಳೇಬರದಿಂದ ಬೇಗ ಕಣ್ಣು ಕೀಳುವುದಿಲ್ಲ. ಪ್ರೇಮಕ್ಕೆ ತೆರಬೇಕಾದ ಬೆಲೆ ಮೊದಲ ರಾತ್ರಿಯ ಮರುದಿನವೇ ಎನ್ನಿಸ್‌ನ ಎದುರಿಗೆ ಬಿದ್ದಿದೆ. ಒಂಬತ್ತನೇ ವಯಸ್ಸಿನಲ್ಲಿ ಅವನು ಇಂಥದೇ ಇನ್ನೊಂದು ದೇಹವನ್ನು ನೋಡಿದ್ದ ಎಂಬುದು ನಮಗೆ ತಿಳಿಯುವುದು ಆಮೇಲೆ.

ಸ್ವರ್ಗದಲ್ಲಿ ಕಾವಲುಗಾರನ ದುರ್ಬೀನು ಇರುವುದಿಲ್ಲ. ಬ್ರೋಕ್‌ಬ್ಯಾಕ್ ಬೆಟ್ಟದಲ್ಲಿ ಇದೆ. ಇಬ್ಬರೂ ಅಂಗಿ ಕಳಚಿ ಹುಲ್ಲಿನ ಮೇಲೆ ಆಟವಾಡುತ್ತಿರುವುದನ್ನು ಅಗಿರೆ ದೂರದ ಕುದುರೆಯ ಮೇಲಿಂದ ದುರ್ಬೀನಿನಲ್ಲಿ ನೋಡುತ್ತಾನೆ. ಮರುವರ್ಷ ಜ್ಯಾಕ್ ಮತ್ತೆ ಕೆಲಸ ಕೇಳಿಕೊಂಡು ಬಂದಾಗ ಆ ನೋಟವನ್ನೇ ಅವನ ಮುಖಕ್ಕೆ ಎಸೆಯುತ್ತಾನೆ. ಇದು ಚಿತ್ರದಲ್ಲಿ ಮರಳಿ ಮರಳಿ ಬರುವ ಸಂಗತಿ. ಎನ್ನಿಸ್‌ನ ಹೆಂಡತಿ ಆಲ್ಮಾ ಬಾಗಿಲ ಸಂದಿನಿಂದ ತನ್ನ ಗಂಡ ಇನ್ನೊಬ್ಬ ಗಂಡಸನ್ನು ಮೆಟ್ಟಿಲ ಬುಡದಲ್ಲಿ ಅಪ್ಪಿ ಚುಂಬಿಸುವುದನ್ನು ನೋಡುತ್ತಾಳೆ. ಎನ್ನಿಸ್‌ಗೆ ವಿಚ್ಛೇದನವಾಯಿತೆಂಬ ಸುದ್ದಿ ತಿಳಿದ ಜ್ಯಾಕ್ ಇನ್ನಾದರೂ ಒಟ್ಟಿಗಿರಬಹುದೆಂಬ ಸಂಭ್ರಮದಲ್ಲಿ ಟೆಕ್ಸಾಸಿನಿಂದ ಗಾಡಿ ಓಡಿಸಿಕೊಂಡು ಬಂದಾಗ, ಎನ್ನಿಸ್ ಮಕ್ಕಳು ಬಂದಿದ್ದಾರೆಂದು ಅವನನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸುತ್ತಾನೆ. ಆ ಮಾತುಕತೆಯ ನಡುವೆ ರಸ್ತೆಯಲ್ಲಿ ಒಂದು ಪಿಕಪ್ ಗಾಡಿ ಸುಮ್ಮನೆ ಹಾದುಹೋಗುತ್ತದೆ. ಎನ್ನಿಸ್‌ನ ಕಣ್ಣು ಎದುರಿಗೆ ನಿಂತ ಜ್ಯಾಕ್‌ನನ್ನು ಬಿಟ್ಟು ಆ ಗಾಡಿಯ ಹಿಂದೆ ಹೋಗುತ್ತದೆ. ಗಾಡಿಯಲ್ಲಿದ್ದವರು ಯಾರೋ ಗೊತ್ತಿಲ್ಲ, ಅವರು ಇವರನ್ನು ಗಮನಿಸಿದರೋ ಇಲ್ಲವೋ ಅದೂ ಗೊತ್ತಿಲ್ಲ. ಎರಡು ಕ್ಷಣದ ಈ ದೃಶ್ಯವನ್ನು ತಮ್ಮ ಲೇಖಕರು ಪ್ರಸ್ತಾಪಿಸಿಯೇ ಇಲ್ಲ. ನನ್ನ ಮಟ್ಟಿಗೆ ಇಡೀ ಚಿತ್ರದ ಒಳಬೀಗ ಅಲ್ಲಿದೆ. ತನ್ನ ಬದುಕಿನಲ್ಲಿ ಅತ್ಯಂತ ಬೇಕಾದ ಮನುಷ್ಯ ಎದುರಿಗೆ ನಿಂತಿರುವಾಗಲೂ, ಗುರುತಿಲ್ಲದ ದಾರಿಹೋಕನ ಕಣ್ಣಿಗೆ ತಾನು ಹೇಗೆ ಕಾಣುತ್ತೇನೋ ಎಂಬ ಚಿಂತೆ ಎನ್ನಿಸ್‌ನನ್ನು ಬಿಡುವುದಿಲ್ಲ.

ಪ್ರೇಮಿಗಳ ನೋಟವೂ ನೇರವಾಗಿಲ್ಲ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಚಿತ್ರದ ಆರಂಭದಲ್ಲಿ, ಅಗಿರೆಯ ಕಚೇರಿಯ ಮುಂದೆ ಇಬ್ಬರೂ ಮಾತಿಲ್ಲದೆ ಕಾಯುತ್ತಿರುವಾಗ, ಗಡ್ಡ ಹೆರೆದುಕೊಳ್ಳುವ ನೆಪದಲ್ಲಿ ಜ್ಯಾಕ್ ತನ್ನ ಟ್ರಕ್ಕಿನ ಪಕ್ಕದ ಕನ್ನಡಿಯಲ್ಲಿ ಎನ್ನಿಸ್‌ನನ್ನು ನೋಡುತ್ತಾನೆ. ಬೇಸಿಗೆ ಮುಗಿದು ಬೇರೆಯಾಗುವಾಗಲೂ ಅವನು ನೋಡುವುದು ಕನ್ನಡಿಯಲ್ಲೇ, ಹಿಂದೆ ಹಿಂದೆ ಸರಿಯುತ್ತಿರುವ ಎನ್ನಿಸ್‌ನನ್ನು. ಎದುರಾ ಎದುರು ನೋಡುವ ಹಕ್ಕು ಇವರಿಗೆ ಇಲ್ಲವೆಂಬುದನ್ನು ಆಂಗ್ ಲೀ ಒಂದು ಮಾತೂ ಆಡಿಸದೆ ಹೇಳಿರುವ ರೀತಿ ಇದು.

ಈ ಭಯ ಎಲ್ಲಿಂದ ಬಂತು? ಹೊಳೆಯ ದಂಡೆಯ ರಾತ್ರಿಯೊಂದರಲ್ಲಿ ಎನ್ನಿಸ್ ತಾನೇ ಹೇಳುತ್ತಾನೆ. ಅವನ ಊರಿನಲ್ಲಿ ಅರ್ಲ್ ಮತ್ತು ರಿಚ್ ಎಂಬ ಇಬ್ಬರು ವಯಸ್ಸಾದ ಗಂಡಸರು ಒಟ್ಟಿಗೆ ಒಂದು ಜಮೀನು ನೋಡಿಕೊಂಡು ಬದುಕುತ್ತಿದ್ದರು. ಊರವರು ಆಡಿಕೊಳ್ಳುತ್ತಿದ್ದರು. ಒಂದು ದಿನ ಅರ್ಲ್‌ನ ಹೆಣ ನೀರಾವರಿ ಕಾಲುವೆಯಲ್ಲಿ ಸಿಕ್ಕಿತು; ಟೈರ್ ಬಿಚ್ಚುವ ಸಲಾಕೆಯಿಂದ ಅವನನ್ನು ಹೊಡೆದು, ಹೇಳಬಾರದ ರೀತಿಯಲ್ಲಿ ಎಳೆದಾಡಿ ಕೊಂದಿದ್ದರು. ಎನ್ನಿಸ್‌ನ ಅಪ್ಪ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿದ. ಅಪ್ಪನೇ ಆ ಕೆಲಸ ಮಾಡಿದ್ದರೂ ಇರಬಹುದು ಎಂದು ಎನ್ನಿಸ್ ಸೇರಿಸುತ್ತಾನೆ. ಜ್ಯಾಕ್ ಆಗಷ್ಟೇ, ನಾವಿಬ್ಬರೂ ಸೇರಿ ಒಂದು ಸಣ್ಣ ದನದ ಫಾರಂ ಮಾಡಿಕೊಂಡು ಇರಬಹುದಲ್ಲ ಎಂದು ಕೇಳಿದ್ದ. ಅದಕ್ಕೆ ಎನ್ನಿಸ್ ಕೊಡುವ ಉತ್ತರವೇ ಈ ಕಥೆ. ಇಬ್ಬರು ಗಂಡಸರು ಒಂದು ಸೂರಿನಡಿ ಬದುಕಿದ ಉದಾಹರಣೆ ಅವನ ಕಣ್ಣಮುಂದೆ ಇತ್ತು, ಅದರ ಕೊನೆಯೂ ಇತ್ತು. ಅಪ್ಪನ ಪಾಠ ಎನ್ನಿಸ್‌ನ ಮೈಗೆ ಎಷ್ಟು ಹತ್ತಿತೆಂದರೆ ಅವನ ಮಾತೇ ಬಾಯೊಳಗೆ ಉಳಿಯುತ್ತದೆ, ಟೊಪ್ಪಿ ಕಣ್ಣಿನ ಮೇಲೆ ಇಳಿಯುತ್ತದೆ, ಭುಜ ಒಳಗೆ ಸೆಳೆದುಕೊಳ್ಳುತ್ತದೆ. ಹೀತ್ ಲೆಡ್ಜರ್ ಹಲ್ಲು ಕಚ್ಚಿ ಆಡುವ ಒಂದೊಂದು ಮಾತಿನಲ್ಲೂ ಆ ಒಂಬತ್ತು ವರ್ಷದ ಹುಡುಗ ಕೇಳಿಸುತ್ತಾನೆ. ಇಂಥ ನಟನೆಯನ್ನು ‘ಮಿತಭಾಷಿ ಗ್ರಾಮೀಣ ಪುರುಷನ ಗಾಂಭೀರ್ಯ’ ಎಂದು ವರ್ಣಿಸಿರುವುದು ನನಗೆ ತುಂಬ ನೋವು ತಂದ ಸಾಲು. ಗಾಂಭೀರ್ಯವೆಂದು ಹೊಗಳಬಹುದಾದದ್ದು ಅಲ್ಲಿ ಏನೂ ಇಲ್ಲ, ಇರುವುದು ಚಿಕ್ಕಂದಿನಲ್ಲಿ ತಗುಲಿದ ಪೆಟ್ಟು.

ಇಲ್ಲೊಂದು ಸಂಗತಿ ಗಮನಾರ್ಹ. 1963ರಲ್ಲಿ ಇಲಿನಾಯ್ ಒಂದನ್ನು ಬಿಟ್ಟರೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇವರ ಪ್ರೇಮ ಅಪರಾಧವಾಗಿತ್ತು. ಆದರೂ ಚಿತ್ರದಲ್ಲಿ ಅದಕ್ಕಾಗಿ ಪೊಲೀಸರು ಬರುವುದಿಲ್ಲ, ಯಾವ ನ್ಯಾಯಾಲಯವೂ ಕಾಣಿಸುವುದಿಲ್ಲ. ವಯೋಮಿಂಗ್ ಆ ಕಾನೂನನ್ನು 1977ರಲ್ಲಿ ತೆಗೆದುಹಾಕಿತು. ಚಿತ್ರದ ಕಥೆ ಆ ವರ್ಷವನ್ನು ದಾಟಿ ಮುಂದೆ ಹೋಗುತ್ತದೆ, ಆದರೆ ಎನ್ನಿಸ್‌ನ ಬದುಕಿನಲ್ಲಿ ಆ ಬದಲಾವಣೆಯ ಒಂದು ಗೆರೆಯೂ ಮೂಡುವುದಿಲ್ಲ. ಅವನು ಹೆದರುವುದು ಕಾನೂನಿನ ಪುಸ್ತಕಕ್ಕಲ್ಲ, ನೆರೆಮನೆಯವನ ಗಾಡಿಯಲ್ಲಿರುವ ಸಲಾಕೆಗೆ. ಈ ಭಯ ಬರೀ ಕಾಲ್ಪನಿಕವೆಂದು ಯಾರಾದರೂ ಭಾವಿಸಿದ್ದರೆ ಅವರಿಗೆ 1998ನ್ನು ನೆನಪಿಸಬೇಕು. ಪ್ರೂ ಅವರ ಕಥೆ ಅಚ್ಚಾಗಿ ಒಂದು ವರ್ಷವಾಗಿತ್ತಷ್ಟೇ. ಅದೇ ವಯೋಮಿಂಗ್‌ನ ಲಾರಮಿ ಪಟ್ಟಣದ ಹೊರಗೆ ಮ್ಯಾಥ್ಯೂ ಶೆಪರ್ಡ್ ಎಂಬ 21 ವರ್ಷದ ಸಲಿಂಗಪ್ರೇಮಿ ವಿದ್ಯಾರ್ಥಿಯನ್ನು ಇಬ್ಬರು ಯುವಕರು ಬೇಲಿಗೆ ಕಟ್ಟಿಹಾಕಿ, ಹೊಡೆದು, ಚಳಿಯಲ್ಲಿ ಬಿಟ್ಟುಹೋದರು. ಅಕ್ಟೋಬರ್ 12ರಂದು ಆತ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಹೆಸರೂ ಸೇರಿರುವ ದ್ವೇಷಾಪರಾಧ ತಡೆ ಕಾಯ್ದೆ ಅಮೆರಿಕದಲ್ಲಿ ಜಾರಿಗೆ ಬರಲು 2009ರವರೆಗೆ ಕಾಯಬೇಕಾಯಿತು.

ಆದ್ದರಿಂದಲೇ ಜ್ಯಾಕ್‌ನ ಸಾವನ್ನು ವಿಧಿಯಾಟ ಎನ್ನುವುದು ಸರಿಯಲ್ಲ. ಎನ್ನಿಸ್ ಬರೆದ ಅಂಚೆ ಕಾರ್ಡು ‘ಮೃತ’ ಎಂಬ ಮುದ್ರೆಯೊಂದಿಗೆ ಹಿಂದಿರುಗುತ್ತದೆ. ಅವನು ಫೋನು ಮಾಡಿದಾಗ ಜ್ಯಾಕ್‌ನ ಹೆಂಡತಿ ಲುರೀನ್, ರಸ್ತೆ ಪಕ್ಕದಲ್ಲಿ ಟೈರಿಗೆ ಗಾಳಿ ತುಂಬುವಾಗ ಅದು ಸಿಡಿದು ಅವನ ಮುಖಕ್ಕೆ ಬಡಿಯಿತೆಂದೂ, ಯಾರಾದರೂ ನೋಡುವಷ್ಟರಲ್ಲಿ ತನ್ನದೇ ರಕ್ತದಲ್ಲಿ ಉಸಿರುಗಟ್ಟಿ ಸತ್ತಿದ್ದನೆಂದೂ, ಅವನಿಗಿನ್ನೂ 39 ವರ್ಷವೆಂದೂ ಬಾಯಿಪಾಠ ಒಪ್ಪಿಸುವಂತೆ ಹೇಳುತ್ತಾಳೆ. ಆ ಮಾತು ಕಿವಿಗೆ ಬೀಳುತ್ತಿರುವಾಗ ತೆರೆಯ ಮೇಲೆ ಕೆಲವರು ಒಬ್ಬ ಮನುಷ್ಯನನ್ನು ಕೆಡವಿಕೊಂಡು ಹೊಡೆಯುತ್ತಿರುವುದು ಕಾಣಿಸುತ್ತದೆ. ನಾವು ಕೇಳುತ್ತಿರುವುದು ನಿಜವೋ, ನೋಡುತ್ತಿರುವುದು ನಿಜವೋ? ಚಿತ್ರ ಉತ್ತರ ಕೊಡುವುದಿಲ್ಲ. ಕೆಲವರು ಕೊಲೆಯೆಂದು ಖಚಿತವಾಗಿ ಹೇಳುತ್ತಾರೆ, ತಮ್ಮ ಲೇಖಕರು ಅಪಘಾತವೆಂದು ಅಷ್ಟೇ ಖಚಿತವಾಗಿ ಹೇಳಿದ್ದಾರೆ. ಎರಡೂ ಅವಸರದ ಮಾತುಗಳು. ತೆರೆಯ ಮೇಲಿರುವುದು ಎನ್ನಿಸ್‌ನ ಮನಸ್ಸು. ತಾನು ಪ್ರೀತಿಸಿದವನು ಹೇಗೆ ಸತ್ತನೆಂದು ತಿಳಿಯುವ ದಾರಿಯೇ ಅವನಿಗಿಲ್ಲ, ಏಕೆಂದರೆ ಕೇಳುವ ಹಕ್ಕಿರುವ ಸಂಬಂಧ ಅವನದಲ್ಲ. ಫೋನಿನಲ್ಲಿ ಅವನು ಜ್ಯಾಕ್‌ನ ‘ಗೆಳೆಯ’ ಅಷ್ಟೆ. ಆ ಅಜ್ಞಾನದ ಜಾಗವನ್ನು ತುಂಬಲು ಅಪ್ಪ ತೋರಿಸಿದ ಆ ಹಳೆಯ ಹೆಣವೊಂದೇ ಅವನ ಬಳಿ ಇದೆ. ಹೆಂಡತಿಯನ್ನು ಕಳೆದುಕೊಂಡ ಗಂಡನಿಗೆ ಊರು ಬಂದು ಸಮಾಧಾನ ಹೇಳುತ್ತದೆ, ಏನಾಯಿತೆಂದು ವಿವರಿಸುತ್ತದೆ, ಹೆಣ ಒಪ್ಪಿಸುತ್ತದೆ. ಎನ್ನಿಸ್ ಅಳುವುದಕ್ಕೂ ಮೊದಲು ಹೆದರಬೇಕು.

ಇನ್ನು ಅಂಚೆ ಕಾರ್ಡುಗಳು. ತಮ್ಮ ಲೇಖನ ಇವನ್ನು ಬಿಟ್ಟೇಬಿಟ್ಟಿದೆ. ಇಬ್ಬರ ನಡುವಿನ ಪತ್ರವ್ಯವಹಾರವೆಲ್ಲ ನಡೆಯುವುದು ಚಿತ್ರವಿರುವ ಕಾರ್ಡುಗಳಲ್ಲಿ. ಕಾರ್ಡು ಎಂದರೆ ಯಾರು ಬೇಕಾದರೂ ಓದಬಹುದಾದ ವಸ್ತು. ಅಂಚೆಯವನು ಓದಬಹುದು, ಹೆಂಡತಿ ಓದಬಹುದು. 1967ರಲ್ಲಿ ಜ್ಯಾಕ್‌ನ ಮೊದಲ ಕಾರ್ಡು ಬಂದದ್ದು ಆಲ್ಮಾಳ ಕೈ ದಾಟಿಯೇ. ಹಾಗಾಗಿ ಅದರಲ್ಲಿ ಯಾರಿಗೂ ಸಂಶಯ ಬಾರದಂಥ ಮಾತುಗಳಷ್ಟೇ ಇರಬೇಕು: ಇಂಥ ದಿನ ಈ ಕಡೆ ಬರುತ್ತಿದ್ದೇನೆ, ಇದ್ದೀಯಾ ತಿಳಿಸು. ನಾಲ್ಕು ವರ್ಷದ ಹಂಬಲಕ್ಕೆ ಎನ್ನಿಸ್ ಬರೆಯುವ ಉತ್ತರ ಎರಡೇ ಪದಗಳದ್ದು, ಖಂಡಿತ ಬಾ ಎಂಬಷ್ಟೇ ಅರ್ಥದ್ದು. ಆ ಎರಡು ಪದಗಳನ್ನು ಬರೆದು ಅಂಚೆಗೆ ಹಾಕುವಾಗ ಅವನ ಮುಖದಲ್ಲಿ ಕಾಣುವ ಆತುರವನ್ನು ನೋಡಿದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಪ್ರೇಮಪತ್ರವೊಂದನ್ನು ಲಕೋಟೆಯಲ್ಲಿ ಮುಚ್ಚಿ ಕಳಿಸಿದರೆ ಅನುಮಾನ ಬರುತ್ತದೆ. ತೆರೆದಿಟ್ಟರೆ ಅದು ಪ್ರೇಮಪತ್ರವಾಗಿ ಉಳಿಯುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಕೊನೆಯ ದೃಶ್ಯದಲ್ಲಿ ಎನ್ನಿಸ್‌ನ ಕಪಾಟಿನ ಬಾಗಿಲ ಒಳಬದಿಗೆ ಸಿಕ್ಕಿಸಿದ ಬ್ರೋಕ್‌ಬ್ಯಾಕ್ ಬೆಟ್ಟದ ಕಾರ್ಡಿನ ಅರ್ಥ ಬೇರೆಯಾಗುತ್ತದೆ. ಅದರ ಮೇಲೆ ಈಗ ಯಾರಿಗೂ ಏನೂ ಬರೆಯಬೇಕಾಗಿಲ್ಲ. ತನ್ನ ಬೂದಿಯನ್ನು ಆ ಬೆಟ್ಟದ ಮೇಲೆ ಚೆಲ್ಲಬೇಕೆಂದು ಜ್ಯಾಕ್ ಬಯಸಿದ್ದ. ಅರ್ಧ ಬೂದಿ ಟೆಕ್ಸಾಸಿನಲ್ಲಿ ಮಣ್ಣಾಯಿತು, ಉಳಿದರ್ಧವನ್ನು ಅಪ್ಪ ಕೊಡಲೊಪ್ಪದೆ ಮನೆತನದ ಸಮಾಧಿ ಜಾಗಕ್ಕೇ ಸೇರಬೇಕೆಂದ. ಗೆಳೆಯನನ್ನು ಅವನು ಬಯಸಿದ ಬೆಟ್ಟಕ್ಕೆ ಒಯ್ಯಲಾಗದ ಎನ್ನಿಸ್‌ಗೆ ಉಳಿದಿರುವುದು ಅಂಗಡಿಯಲ್ಲಿ ಸಿಗುವ ಆ ಬೆಟ್ಟದ ಚಿತ್ರವೊಂದೇ.

ಅಂಗಿಗಳ ಬಗ್ಗೆ ಹೇಳದೆ ಈ ಪತ್ರ ಮುಗಿಯುವುದಿಲ್ಲ. ಎರಡು ಆತ್ಮಗಳ ಐಕ್ಯ ಎಂದಾಗ ಲೇಖಕರು ಆ ಅಂಗಿಯ ತೋಳಿನಲ್ಲಿದ್ದ ರಕ್ತದ ಕಲೆಯನ್ನು ಮರೆತಿದ್ದಾರೆ. ಬೆಟ್ಟದ ಕೊನೆಯ ದಿನ, ಬೇರೆಯಾಗಬೇಕೆಂಬ ಸಂಕಟವನ್ನು ಹೇಳಿಕೊಳ್ಳಲಾರದೆ ಇಬ್ಬರೂ ಆಟಕ್ಕೆಂದು ಆರಂಭಿಸಿದ ಗುದ್ದಾಟ ನಿಜವಾದ ಹೊಡೆದಾಟವಾಗುತ್ತದೆ. ಎನ್ನಿಸ್‌ನ ಮೂಗಿನಿಂದ ರಕ್ತ ಬರುತ್ತದೆ. ಜ್ಯಾಕ್ ಅದನ್ನು ತನ್ನ ತೋಳಿನಿಂದ ಒರೆಸಲು ಹೋಗುತ್ತಾನೆ. ಆ ಮಮತೆಯನ್ನೇ ತಡೆಯಲಾಗದೆ ಎನ್ನಿಸ್ ಅವನ ಮುಖಕ್ಕೆ ಗುದ್ದುತ್ತಾನೆ. ಕೆಳಗಿಳಿದ ಮೇಲೆ, ನನ್ನ ಅಂಗಿಯನ್ನು ಅಲ್ಲೇ ಬಿಟ್ಟು ಬಂದೆನಲ್ಲ ಎಂದು ಎನ್ನಿಸ್ ಗೊಣಗುತ್ತಾನೆ, ಪ್ರೇಕ್ಷಕರು ಆ ಮಾತನ್ನು ಮರೆತೂಬಿಡುತ್ತಾರೆ. ಎರಡು ದಶಕದ ಬಳಿಕ, ಲೈಟ್ನಿಂಗ್ ಫ್ಲಾಟ್ ಎಂಬ ಬಡ ಊರಿನಲ್ಲಿ, ಬಿಳಿ ಗೋಡೆಗಳ ಬರಿದಾದ ಮನೆಯಲ್ಲಿ, ಜ್ಯಾಕ್ ಹುಡುಗನಾಗಿದ್ದಾಗಿನ ಕೋಣೆಯ ಬಟ್ಟೆ ಗೂಡಿನೊಳಗಿನ ಸಣ್ಣ ಮರೆಯಲ್ಲಿ ಎನ್ನಿಸ್‌ಗೆ ಅದು ಸಿಗುತ್ತದೆ. ಮೇಲೆ ಜ್ಯಾಕ್‌ನ ಡೆನಿಮ್ ಅಂಗಿ, ಅದರ ಒಳಗೆ, ತೋಳಿನೊಳಗೆ ತೋಳು ಸೇರಿಸಿ ಜೋಪಾನವಾಗಿಟ್ಟ ತನ್ನದೇ ಚೌಕಳಿ ಅಂಗಿ. ಕಳೆದುಹೋಗಿದೆ ಎಂದುಕೊಂಡಿದ್ದನ್ನು ಜ್ಯಾಕ್ ಕದ್ದು ಇಟ್ಟುಕೊಂಡಿದ್ದ. ಎನ್ನಿಸ್ ಅದನ್ನು ಮುಖಕ್ಕೊತ್ತಿ ವಾಸನೆ ಹುಡುಕುತ್ತಾನೆ.

ಕೊನೆಯ ದೃಶ್ಯದಲ್ಲಿ, ಎನ್ನಿಸ್‌ನ ಟ್ರೇಲರ್ ಮನೆಯ ಕಪಾಟಿನಲ್ಲಿ ಅಂಗಿಗಳ ಕ್ರಮ ತಿರುಗಿದೆ. ಈಗ ಜ್ಯಾಕ್‌ನ ಅಂಗಿ ಒಳಗಿದೆ, ಎನ್ನಿಸ್‌ನದು ಹೊರಗೆ. ಇದನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ; ಬಣ್ಣ ಗಮನಿಸಿದವರಿಗೆ ಮಾತ್ರ ಕಾಣುತ್ತದೆ. ಇದರ ಅರ್ಥ ಹಿಡಿಯಲು ನಡುವೆ ಬಂದು ಹೋಗುವ ಇನ್ನೊಂದು ನೆನಪನ್ನು ಪಕ್ಕದಲ್ಲಿಡಬೇಕು. ಕೆರೆಯ ದಂಡೆಯ ಕೊನೆಯ ಜಗಳದ ನಂತರ ಜ್ಯಾಕ್‌ಗೆ ನೆನಪಾಗುವುದು ಬೆಟ್ಟದ ಒಂದು ಹೊತ್ತು: ಉರಿಯ ಮುಂದೆ ಅವನು ನಿಂತೇ ತೂಕಡಿಸುತ್ತಿದ್ದಾನೆ, ಎನ್ನಿಸ್ ಹಿಂದಿನಿಂದ ಬಂದು ತಬ್ಬಿ, ತಾಯಿ ಹೇಳಿದ್ದ ಯಾವುದೋ ಹಾಡನ್ನು ಗುನುಗಿ, ನಿಂತೇ ನಿದ್ದೆ ಮಾಡುತ್ತೀಯಲ್ಲ ಕುದುರೆ ಹಾಗೆ ಎಂದು ಹೇಳಿ ಹೊರಟುಹೋಗುತ್ತಾನೆ. ಇಡೀ ಇಪ್ಪತ್ತು ವರ್ಷದಲ್ಲಿ ಯಾವ ಭಯವೂ ಇಲ್ಲದ ಅಪ್ಪುಗೆ ಅದೊಂದೇ, ಮತ್ತು ಅಲ್ಲಿ ಎನ್ನಿಸ್ ಹೊರಗಿದ್ದಾನೆ, ಜ್ಯಾಕ್ ಅವನ ತೋಳಿನೊಳಗಿದ್ದಾನೆ. ಕಪಾಟಿನಲ್ಲಿ ಎನ್ನಿಸ್ ಅಂಗಿಗಳನ್ನು ಜೋಡಿಸಿರುವುದು ಅದೇ ಕ್ರಮದಲ್ಲಿ. ಜ್ಯಾಕ್ ಬದುಕಿದ್ದಾಗ ಎನ್ನಿಸ್‌ನನ್ನು ಕಾಪಾಡಿ ಇಟ್ಟುಕೊಂಡವನು ಜ್ಯಾಕ್. ಎನ್ನಿಸ್ ಪ್ರತಿಸಲವೂ ಸಂಬಳ, ಮಕ್ಕಳು, ಕೆಲಸದ ರಜೆ ಎಂದು ಹಿಂಜರಿದ. ತನ್ನವನನ್ನು ತಾನೇ ಅಪ್ಪಿಕೊಳ್ಳುತ್ತೇನೆ ಎಂಬ ನಿರ್ಧಾರವನ್ನು ಅವನು ತೆಗೆದುಕೊಳ್ಳುವ ಹೊತ್ತಿಗೆ ಅಪ್ಪಿಕೊಳ್ಳಲು ಬಟ್ಟೆ ಮಾತ್ರ ಉಳಿದಿದೆ. ಐಕ್ಯ ಎಂಬ ದೊಡ್ಡ ಮಾತು ಈ ತಡವಾದ ನಿರ್ಧಾರದ ನೋವನ್ನು ಮುಚ್ಚಿಹಾಕುತ್ತದೆ. ಚಿತ್ರ ಬಿಡುಗಡೆಯಾದ ಮೇಲೆ ಅವೇ ಅಂಗಿಗಳು ಹರಾಜಿನಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋದವು, ಹಣ ದಾನಕಾರ್ಯಕ್ಕೆ ಸಂದಿತು. ಜನ ಅವುಗಳನ್ನು ಪೂಜನೀಯವೆಂಬಂತೆ ನೋಡಿದ್ದು ನನಗೆ ಅರ್ಥವಾಗುತ್ತದೆ. ಆದರೆ ಕಥೆಯೊಳಗೆ ಅವು ಎರಡು ಸಲವೂ ಇದ್ದದ್ದು ಬಾಗಿಲು ಮುಚ್ಚಿದ ಕಪಾಟಿನಲ್ಲಿ.

ಜ್ಯಾಕ್‌ನ ತಾಯಿಯ ಪಾತ್ರಕ್ಕೆ ಒಂದು ಸಾಲಾದರೂ ಸಿಗಬೇಕಿತ್ತು. ರಾಬರ್ಟಾ ಮ್ಯಾಕ್ಸ್‌ವೆಲ್ ಆ ಪಾತ್ರದಲ್ಲಿ ತೆರೆಯ ಮೇಲಿರುವುದು ಕೆಲವೇ ನಿಮಿಷ. ಅಪ್ಪ, ನನಗೂ ಎಲ್ಲ ಗೊತ್ತು ಎಂಬ ಧಾಟಿಯಲ್ಲಿ ಮೇಜಿನ ಆಚೆ ಕುಳಿತು ಮಗನನ್ನೂ ಬಂದವನನ್ನೂ ಹೀಯಾಳಿಸುತ್ತಾನೆ. ತಾಯಿಗೂ ಗೊತ್ತಿದೆ. ಅವಳು ಮಗನ ಕೋಣೆಯನ್ನು ಅವನಿದ್ದಾಗ ಇದ್ದ ಹಾಗೆಯೇ ಇಟ್ಟಿದ್ದಾಳೆ, ಬೇಕಿದ್ದರೆ ಮೇಲೆ ಹೋಗಿ ನೋಡು ಎನ್ನುತ್ತಾಳೆ. ಎನ್ನಿಸ್ ಅಂಗಿಗಳನ್ನು ಹಿಡಿದುಕೊಂಡು ಕೆಳಗಿಳಿದಾಗ ಏನು, ಏಕೆ ಎಂದು ಕೇಳದೆ ಒಂದು ಕಾಗದದ ಚೀಲ ತಂದು ಅದರಲ್ಲಿ ಹಾಕಿಕೊಡುತ್ತಾಳೆ, ಮತ್ತೆ ಬಾ ಎನ್ನುತ್ತಾಳೆ. ಈ ಚಿತ್ರದಲ್ಲಿ ಕಣ್ಣಿಟ್ಟು ಕಾಯುವವರು ಬಹಳ ಜನ. ತಿಳಿದೂ ತೀರ್ಪು ಕೊಡದವಳು ಈ ಒಬ್ಬಳೇ.

ಹೆಂಗಸರ ವಿಷಯದಲ್ಲಿ ಲೇಖಕರು ಹೇಳಿರುವ ಒಂದು ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ: ಆಲ್ಮಾಗೆ ಅನ್ಯಾಯವಾಗಿದೆ. ಮಿಶೆಲ್ ವಿಲಿಯಮ್ಸ್ ಆ ಅನ್ಯಾಯವನ್ನು ಹೊತ್ತು ನಿಲ್ಲುವ ರೀತಿ ಮರೆಯಲಾಗದ್ದು. ವಿಚ್ಛೇದನವಾಗಿ, ಬೇರೆ ಮದುವೆಯಾಗಿ, ಹಬ್ಬದ ಊಟದ ನಂತರ ಪಾತ್ರೆ ತೊಳೆಯುತ್ತ ಅವಳು ಹಳೆಯ ಗಂಡನಿಗೆ ಹೇಳುತ್ತಾಳೆ: ನೀನು ಮೀನು ಹಿಡಿಯಲು ಹೋಗುವ ಹಿಂದಿನ ರಾತ್ರಿ ನಿನ್ನ ಗಾಳದ ಪೆಟ್ಟಿಗೆ ತೆರೆದು ನೋಡಿದ್ದೆ, ಐದು ವರ್ಷವಾದರೂ ಅದರ ಬೆಲೆಚೀಟಿ ಹಾಗೇ ಇತ್ತು, ಮನೆಗೆ ಸ್ವಲ್ಪ ಮೀನು ತನ್ನಿ ಎಂದು ಚೀಟಿ ಬರೆದು ದಾರದ ತುದಿಗೆ ಕಟ್ಟಿದ್ದೆ, ನೀನು ತುಂಬ ಮೀನು ಸಿಕ್ಕಿತೆಂದು ಹೇಳಿಕೊಂಡು ಬಂದೆ, ಆ ದಾರ ಮಾತ್ರ ನೀರು ಕಂಡೇ ಇರಲಿಲ್ಲ. ಆದರೆ ಈ ಅನ್ಯಾಯಕ್ಕೆ ಆ ಇಬ್ಬರ ಪ್ರೇಮವೇ ಕಾರಣವೆಂದು ಲೇಖಕರು ಮುಂದುವರಿಸುತ್ತಾರೆ. ಅಲ್ಲಿ ನಾನು ಬೇರೆಯಾಗುತ್ತೇನೆ. ಜ್ಯಾಕ್‌ನ ಮಾತಿನಂತೆ ಅವರಿಬ್ಬರೂ ಒಂದು ಸಣ್ಣ ಫಾರಂ ಮಾಡಿಕೊಂಡು ನೆಮ್ಮದಿಯಾಗಿ ಇರಬಹುದಾಗಿದ್ದರೆ ಆಲ್ಮಾ ಆ ಚೀಟಿ ಬರೆಯಬೇಕಾಗಿರಲಿಲ್ಲ, ಲುರೀನ್ ಫೋನಿನಲ್ಲಿ ಬಾಯಿಪಾಠ ಒಪ್ಪಿಸಬೇಕಾಗಿರಲಿಲ್ಲ. ಮದುವೆಯಾಗದ ಗಂಡಸನ್ನು ಊರು ನೋಡುವ ಕಣ್ಣಿಗೆ ಹೆದರಿ ಆದ ಮದುವೆಗಳು ಅವು. ಆ ಕಣ್ಣು ಗಂಡಸರಿಬ್ಬರನ್ನು ಮಾತ್ರವಲ್ಲ, ನಾಲ್ಕೂ ಜನರ ಬದುಕನ್ನು ತಿಂದಿತು.

ಇದು ನಮ್ಮ ನಾಡಿನ ಓದುಗರಿಗೆ ದೂರದ ಮಾತಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧವನ್ನು ದಂಡಸಂಹಿತೆಯ 377ನೇ ಕಲಮಿನ ವ್ಯಾಪ್ತಿಯಿಂದ ಹೊರಗಿಟ್ಟಿತು. 2023ರ ಅಕ್ಟೋಬರ್‌ನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಅದೇ ನ್ಯಾಯಾಲಯ ಒಪ್ಪಲಿಲ್ಲ. ಕಾನೂನು ಬದಲಾದರೂ ನೆರೆಯವರ ಕಣ್ಣು ಬದಲಾಗದ ಸ್ಥಿತಿ ವಯೋಮಿಂಗ್‌ಗೆ ಮಾತ್ರ ಸೇರಿದ್ದಲ್ಲ. ಮಗನಿಗೆ ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ ತಂದೆತಾಯಿಯರು, ಹಾಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಅವರ ಹೆಸರು ಹೇಳುವುದು ಸಲ್ಲದು. ಆದರೆ ಅಂಥ ಮನೆಯಲ್ಲಿ ಕುಳಿತು ಈ ಚಿತ್ರ ನೋಡುವ ಒಬ್ಬ ಯುವಕನಿಗೆ, ಇಲ್ಲಿ ಲಿಂಗ ಗೌಣ, ಇದು ಎಲ್ಲರ ಪ್ರೇಮ ಎಂಬ ಮಾತು ಸಮಾಧಾನ ಕೊಡುವುದಿಲ್ಲ. ತನ್ನ ಮನೆಯ ಮುಂದೆ ಹಾದುಹೋಗುವ ಗಾಡಿಯನ್ನು ಎನ್ನಿಸ್ ಏಕೆ ನೋಡುತ್ತಾನೆಂದು ಅವನಿಗೆ ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ. ಆ ತಿಳಿವಳಿಕೆಯನ್ನು ಗೌರವಿಸುವ ವಿಮರ್ಶೆ ನಮಗೆ ಬೇಕು.

ಕಥೆಯ ಕೊನೆಯನ್ನು ಬದಲಿಸಿ, ಇಬ್ಬರೂ ಸುಖವಾಗಿರುವಂತೆ ತಿದ್ದಿ ಬರೆದ ಆವೃತ್ತಿಗಳನ್ನು ಓದುಗರು ತಮಗೆ ಕಳಿಸುತ್ತಾರೆಂದು ಆನಿ ಪ್ರೂ ಸಂದರ್ಶನವೊಂದರಲ್ಲಿ ಬೇಸರದಿಂದ ಹೇಳಿದ್ದರು. ಅವರ ಬೇಸರ ನ್ಯಾಯವಾದದ್ದೇ. ಆದರೂ ಹಾಗೆ ತಿದ್ದುವವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಏಕೆಂದರೆ ಈ ಕೊನೆ ಅನಿವಾರ್ಯವಾಗಿರಲಿಲ್ಲ ಎಂಬುದನ್ನು ಅವರು ಸರಿಯಾಗಿಯೇ ಗ್ರಹಿಸಿದ್ದಾರೆ. ವಿಧಿ ಎಂದು ಕೈಮುಗಿಯುವ ಓದಿಗಿಂತ ಆ ತಿದ್ದುಪಡಿಗಳು ಚಿತ್ರಕ್ಕೆ ಹತ್ತಿರವಾಗಿವೆ ಎಂದೇ ನನ್ನ ಅನಿಸಿಕೆ. ಚಿತ್ರದೊಳಗೂ ಅದಕ್ಕೆ ಆಧಾರವಿದೆ. ಕೊನೆಯಲ್ಲಿ ಹತ್ತೊಂಬತ್ತು ವರ್ಷದ ಮಗಳು ಬಂದು ತನ್ನ ಮದುವೆಯ ಸುದ್ದಿ ಹೇಳಿದಾಗ, ಹುಡುಗ ನಿನ್ನನ್ನು ಪ್ರೀತಿಸುತ್ತಾನಾ ಎಂಬುದು ಎನ್ನಿಸ್ ಅವಳಿಗೆ ಕೇಳುವ ಪ್ರಶ್ನೆ. ಮೊದಲು ಕೆಲಸದ ನೆಪ ಹೇಳಿದವನು ಮನಸ್ಸು ಬದಲಿಸಿ, ಕೆಲಸ ಹೋದರೆ ಹೋಗಲಿ, ಮದುವೆಗೆ ಬರುತ್ತೇನೆ ಎನ್ನುತ್ತಾನೆ. ಜ್ಯಾಕ್ ಆಗಸ್ಟಿನಲ್ಲಿ ಕೂಡೋಣ ಎಂದಾಗ ಇದೇ ಕೆಲಸದ ಕಾರಣ ಕೊಟ್ಟು ಎನ್ನಿಸ್ ಅವನನ್ನು ಕಳೆದುಕೊಂಡಿದ್ದ. ಬದಲಾಗಬಲ್ಲ ಮನುಷ್ಯ ಅವನೊಳಗೆ ಮೊದಲಿನಿಂದಲೂ ಇದ್ದ.

ತಮ್ಮಲ್ಲಿ ನನ್ನದೊಂದು ವಿನಂತಿ. ಮುಂದೆ ಪುರವಣಿಯಲ್ಲಿ ಇಂಥ ಚಿತ್ರಗಳ ಬಗ್ಗೆ ಲೇಖನ ಬರುವಾಗ, ಸಲಿಂಗಪ್ರೇಮಿಗಳಾದ ಕನ್ನಡದ ಬರಹಗಾರರಿಂದಲೂ ಬರೆಸಿ. ತಮ್ಮ ಹೆಸರು ಹಾಕಲು ಅವರಿಗೆ ಅಳುಕಿದ್ದರೆ ಹೆಸರಿಲ್ಲದೆ ಪ್ರಕಟಿಸುವ ಅವಕಾಶ ಕೊಡಿ. ಪತ್ರಿಕೆಯ ಸ್ಥಳಾಭಾವ ನನಗೆ ತಿಳಿದಿದೆ, ಈ ಪತ್ರವೂ ಉದ್ದವಾಯಿತು. ಇದನ್ನು ಮೊಟಕುಗೊಳಿಸಬೇಕಾಗಿ ಬಂದರೆ ಪ್ರಶಸ್ತಿಗಳ ವಿವರವನ್ನು ತೆಗೆದುಹಾಕಿ, ಆಲ್ಮಾಳ ಚೀಟಿಯನ್ನೂ ಆ ಪಿಕಪ್ ಗಾಡಿಯನ್ನೂ ದಯವಿಟ್ಟು ಉಳಿಸಿಕೊಳ್ಳಿ.

ಇತಿ,
ತಮ್ಮ ಪತ್ರಿಕೆಯ ಓದುಗ,
ಶಿವಮೊಗ್ಗ